ಪಯಸ್ವಿನಿ ಹೊಳೆಯಲ್ಲಿ ಸರಕಿನ ದೋಣಿ ಎಲ್ಲಿವರೆಗೆ ಬರುತ್ತಿತ್ತು? ಯಾಕೆ ನಿಂತಿತು?

ಮುಳಿಯಾರು ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಮುಳಿಯಾರು ಕಡೆ, ಪಯಸ್ವಿನಿ ಹೊಳೆಯ (ಕೆಳಗೆ ಇದನ್ನೇ ಚಂದ್ರಗಿರಿ ಅನ್ನುತ್ತಾರೆ) ಬದಿಯ ಅಡಿಕೆ ತೋಟ. ಮಾವನವರ ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕವೊಂದು ಅಟ್ಟದಲ್ಲಿ ಸಿಕ್ಕಿದೆ. ಅಂಚಿನ ಕಡೆ ಗೆದ್ದಲು ತಿಂದಿದೆ, ತಾರೀಕುಗಳೆಲ್ಲ ಹೋಗಿವೆ. ಒಳಗಿನ ಅಕ್ಷರ ಮಾತ್ರ ಚೆನ್ನಾಗಿ ಓದಬಹುದು.

ಮೊದಲ ಪುಟಗಳಲ್ಲಿ ಅಡಿಕೆ ಕಳಿಸಿದಾಗಲೆಲ್ಲ ಎರಡು ಖರ್ಚು ಬರುತ್ತವೆ. ಒಂದು "ದೋಣಿ ಕೂಲಿ", ಇನ್ನೊಂದು "ಮಂಜಿ ಬಾಡಿಗೆ". ಸ್ವಲ್ಪ ಪುಟ ದಾಟಿದ ಮೇಲೆ ಮಂಜಿ ಬಾಡಿಗೆ ಕಾಣುವುದೇ ಇಲ್ಲ. ಆ ಜಾಗದಲ್ಲಿ "ಟೇಸನ್ (ಸ್ಟೇಷನ್) ಕೂಲಿ" ಅಂತ ಇದೆ. ದೋಣಿ ಕೂಲಿ ಮುಂದುವರಿಯುತ್ತದೆ. ಕೊನೆಯ ಪುಟಗಳಿಗೆ ಬಂದರೆ ಕೈಬರಹವೂ ಬೇರೆ, ದೋಣಿಯೂ ಇಲ್ಲ, "ಲಾರಿ" ಅಂತ ಬರೆದಿದ್ದಾರೆ. ಹೊಳೆಯಲ್ಲಿ ಮೇಲೆ ಬಂದ ಸಾಮಾನಿನ ಪಟ್ಟಿಯೂ ಅಲ್ಲಲ್ಲಿ ಇದೆ: ಉಪ್ಪು, ಒಣಮೀನು, ಹೆಂಚು, ಸೀಮೆಎಣ್ಣೆ ಡಬ್ಬ.

ನಮ್ಮ ಯಜಮಾನರು "ರಸ್ತೆ ಬಂತು, ದೋಣಿ ಹೋಯಿತು, ಅಷ್ಟೇ" ಅನ್ನುತ್ತಾರೆ. ಆದರೆ ಪುಸ್ತಕ ನೋಡಿದರೆ ಅಷ್ಟು ಸುಲಭ ಅಲ್ಲ ಅನ್ನಿಸುತ್ತದೆ. ಈಗ ನಮ್ಮ ಮನೆ ಕೆಳಗೆ ಬೇಸಿಗೆಯಲ್ಲಿ ಹೊಳೆ ನಡೆದು ದಾಟಬಹುದು. ಇಂಥಾ ಹೊಳೆಯಲ್ಲಿ ಸರಕು ತುಂಬಿದ ದೋಣಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು? ಊರಿನ ವ್ಯಾಪಾರಕ್ಕೆ ಅದರಿಂದ ಎಷ್ಟು ಉಪಕಾರ ಇತ್ತು? ಗೊತ್ತಿದ್ದವರು ದಯವಿಟ್ಟು ಹೇಳಿ.

ತಳಂಗರೆ ಕಡಪ್ಪುರ

ಅಕ್ಕಾ, ನಮ್ಮ ಉಪ್ಪಾಪ್ಪ (ಅಜ್ಜ) ಮಂಜಿಯಲ್ಲಿ ಕೆಲಸಕ್ಕೆ ಹೋದವರು. ಅವರು ಹೇಳುತ್ತಿದ್ದದ್ದು ಕೇಳಿ ಗೊತ್ತು. ಹೊಳೆಯ ದೋಣಿ ಬೇರೆ, ಮಂಜಿ ಬೇರೆ. ಹೊಳೆ ದೋಣಿಗೆ ಅಡಿ ಚಪ್ಪಟೆ, ಜಲ್ಲ (ಉದ್ದ ಕೋಲು) ಹಾಕಿ ನೂಕುವುದು. ಮಂಜಿಗೆ ಹಾಯಿ ಇರುತ್ತದೆ, ಅದು ಸಮುದ್ರದ್ದು. ನಿಮ್ಮ ಅಡಿಕೆ ಹೊಳೆ ದೋಣಿಯಲ್ಲಿ ಇಲ್ಲಿ ಅಳಿವೆಯ ತಳಂಗರೆವರೆಗೆ ಬಂದು, ಇಲ್ಲಿ ಮಂಜಿಗೆ ಏರಿ, ಮಂಗಳೂರು ಬಂದರಿಗೆ ಹೋಗಿರಬೇಕು. ಅದಕ್ಕೇ ಎರಡು ಖರ್ಚು.

ಅಳಿವೆಯಲ್ಲಿ ಹೊಯಿಗೆ (ಮರಳು) ದಿಬ್ಬ ಪ್ರತಿ ಮಳೆಗಾಲ ಜಾಗ ಬದಲಿಸುತ್ತದೆ. ಈ ವರ್ಷ ಆಳ ಇದ್ದ ಕಡೆ ಮುಂದಿನ ವರ್ಷ ಮೊಣಕಾಲು ನೀರು. ಅದನ್ನು ತಿಳಿದ ಜನ ಮುಂದೆ ನಿಂತು ದಾರಿ ತೋರಿಸಬೇಕಿತ್ತು. ದೊಡ್ಡ ಮಂಜಿ ಹೊರಗೇ ನಿಂತರೆ ಸಣ್ಣ ದೋಣಿಯಲ್ಲಿ ಸರಕು ಸಾಗಿಸಿ ಏರಿಸಬೇಕು. ಇದಕ್ಕಿಂತ ಜಾಸ್ತಿ ಮಾಷ್ಟ್ರು ಹೇಳಲಿ.

ಬೋವಿಕ್ಕಾನ ಮಾಷ್ಟ್ರು

ತಂಗೀ, ಮೊದಲು ಆ ಪುಸ್ತಕದ ಒಂದೊಂದು ಪುಟವನ್ನೂ ಫೋಟೋ ತೆಗೆದಿಡಿ. ಬಿಸಿಲಿಗೆ ಒಣಗಿಸಬೇಡಿ, ಕಾಗದ ಮುರಿಯುತ್ತದೆ. ನಮ್ಮ ಕಾಸರಗೋಡಿನ ಹೊಳೆ ವ್ಯಾಪಾರದ ಕತೆ ಪೂರ್ತಿ ನಿಮ್ಮ ಆ ಮೂರು ಖರ್ಚಿನ ಸಾಲುಗಳಲ್ಲೇ ಇದೆ. ಹೊಳೆ ವ್ಯಾಪಾರ ಒಂದೇ ಸಲ ಸತ್ತದ್ದಲ್ಲ. ಮೊದಲು ಅಳಿವೆಯಲ್ಲಿ ಸತ್ತಿತು, ರೈಲಿನಿಂದ. ಆಮೇಲೆ ತುಂಬ ಕಾಲ ಕಳೆದು ಮೇಲಿನ ಕಡವುಗಳಲ್ಲಿ (ದೋಣಿ ನಿಲ್ಲುವ ಕಟ್ಟೆಗಳಲ್ಲಿ) ಸತ್ತಿತು, ಸೇತುವೆ ಮತ್ತು ಲಾರಿಯಿಂದ. ನಿಮ್ಮ ಯಜಮಾನರು ಹೇಳುವುದು ಎರಡನೆಯ ಸಾವಿಗೆ ಸರಿ.

ದೋಣಿ ಎಲ್ಲಿವರೆಗೆ ಬರುತ್ತಿತ್ತು ಅನ್ನುವುದಕ್ಕೆ ನಿಮ್ಮ ಹತ್ತಿರವೇ ಸಾಕ್ಷಿ ಇದೆ. ಕಾಸರಗೋಡು ಪೇಟೆಗೆ ಕುಡಿಯುವ ನೀರು ಹೋಗುವುದು ಬಾವಿಕ್ಕರೆಯಿಂದ ಅಲ್ವಾ? ಬೇಸಿಗೆ ಬಂತೆಂದರೆ ನಳ್ಳಿಯಲ್ಲಿ ಉಪ್ಪುನೀರು ಬರುತ್ತಿದ್ದದ್ದು ನಮಗೆಲ್ಲ ನೆನಪಿದೆ. ಹೊಯಿಗೆ ಚೀಲ ಪೇರಿಸಿ ತಾತ್ಕಾಲಿಕ ಕಟ್ಟ ಕಟ್ಟುತ್ತಿದ್ದರು. ಸಮುದ್ರದ ಉಪ್ಪು ಅಲ್ಲಿವರೆಗೆ ಏರುತ್ತದೆ ಅಂದರೆ ಸಮುದ್ರದ ಉಬ್ಬರವೂ ಅಲ್ಲಿವರೆಗೆ ಏರುತ್ತದೆ ಅಂತ ಅರ್ಥ. ಸರಕಿನ ದೋಣಿಗೆ ಬೇಕಾದದ್ದು ಅದೇ. ತಲಕಾವೇರಿ ಕಡೆಯ ಗುಡ್ಡಗಳಿಂದ ಹುಟ್ಟಿ, ಸುಳ್ಯ, ಜಾಲ್ಸೂರು, ಅಡೂರು ದಾಟಿ ಬರುವ ಹೊಳೆಯ ಉದ್ದ ಸುಮಾರು 105 ಕಿ.ಮೀ. ಅದರಲ್ಲಿ ಮೇಲಿನ ಭಾಗ ಪೂರ್ತಿ ಬಂಡೆ, ಇಳಿಜಾರು. ಅಲ್ಲಿ ಮಳೆಗಾಲದಲ್ಲಿ ಮರ, ಬಿದಿರು ತೇಲಿ ಬರಬಹುದು, ಅಡಿಕೆ ಮೂಟೆ ಬರುವುದಿಲ್ಲ. ಉಬ್ಬರ ಮುಟ್ಟುವ ಕೆಳಗಿನ ಭಾಗ ಮಾತ್ರ ದೋಣಿಯದ್ದು. ಮೇಲಿನವರು ತಲೆಹೊರೆಯಲ್ಲೋ ಎತ್ತಿನ ಮೇಲೋ ಅಲ್ಲಿವರೆಗೆ ತರಬೇಕು.

ಹಾಗಾಗಿ ನಮ್ಮ ಹೊಳೆ ಸಾಗಾಟವನ್ನು ಗಂಗಾ ನದಿಯಂಥ ದೊಡ್ಡ ನದಿಗಳ ಜೊತೆ ಹೋಲಿಸಿ "ಇದೆಲ್ಲ ಏನು ಮಹಾ" ಅನ್ನಬಾರದು. ಇಲ್ಲಿ ಹೊಳೆಯ ಕೆಲಸ ಕೆಲವೇ ಮೈಲಿ. ಆದರೆ ಆ ಕೆಲವು ಮೈಲಿ ಇಲ್ಲದಿದ್ದರೆ ತೋಟ ಮತ್ತು ಸಮುದ್ರ ಸೇರುತ್ತಲೇ ಇರಲಿಲ್ಲ. ಒಂದು ಎತ್ತಿನ ಗಾಡಿಗೆ ಅರ್ಧ ಟನ್ ಹೇರಿದರೆ ಜಾಸ್ತಿ. ನಮ್ಮ ಏರಿಳಿತದ ದಾರಿಯಲ್ಲಿ ಅದೂ ಕಷ್ಟ. ಅದರ ಹಲವು ಪಟ್ಟು ಭಾರವನ್ನು ಇಬ್ಬರು ಜಲ್ಲ ಹಾಕಿ ದೋಣಿಯಲ್ಲಿ ಇಳಿಸುತ್ತಿದ್ದರು.

ನನ್ನ ಅಪ್ಪ ಕಾಸರಗೋಡಿನ ಅಡಿಕೆ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತಿದ್ದರು. ಅವರ ಕಾಲಕ್ಕೆ ರೈಲು ಬಂದಾಗಿತ್ತು. ಆದರೂ ತೋಟದಿಂದ ಪೇಟೆಗೆ ಅಡಿಕೆ ಹೊಳೆಯಲ್ಲೇ ಇಳಿಯುತ್ತಿತ್ತು. ಅಪ್ಪನ ಮೇಜಿನ ಮೇಲೆ ಪಂಚಾಂಗ ಯಾವಾಗಲೂ ಇರುತ್ತಿತ್ತು, ಅದು ದೋಣಿಗಾಗಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಉಬ್ಬರ ಜೋರು, ಅಷ್ಟಮಿ ಹೊತ್ತಿಗೆ ಸಪ್ಪೆ. ಭಾರದ ದೋಣಿ ಬರಬೇಕಾದರೆ ಹುಣ್ಣಿಮೆಯ ಆಚೀಚೆ ದಿನ ಹಿಡಿಯುವುದು. ಉಬ್ಬರದ ಹೊತ್ತು ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಸಂಜೆ ಆರಕ್ಕೆ ತುಂಬಿದ ಹೊಳೆ ನಾಳೆ ಏಳರ ಹತ್ತಿರ ತುಂಬುತ್ತದೆ. ಉಬ್ಬರದಲ್ಲಿ ಉಪ್ಪು, ಒಣಮೀನು ಹೇರಿಕೊಂಡು ಮೇಲೆ ಬರುವುದು. ಕಟ್ಟೆಯಲ್ಲಿ ಇಳಿಸಿ, ಅಡಿಕೆ ಹೇರಿ, ಇಳಿತ ಶುರುವಾದೊಡನೆ ಬಿಡುವುದು. ಹೊಳೆಯೇ ಎರಡೂ ಕಡೆ ಎಳೆದುಕೊಂಡು ಹೋಗುತ್ತಿತ್ತು. ಹೊತ್ತು ತಪ್ಪಿದರೆ ಕೆಸರಿನಲ್ಲಿ ಕೂತು ಮುಂದಿನ ಉಬ್ಬರಕ್ಕೆ ಕಾಯಬೇಕು.

ಆ ದೋಣಿಗಳ ಹಲಗೆಗೆ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಯ ಅಂಚಿನಲ್ಲಿ ಸಾಲಾಗಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮೇಲೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ತಳ ಬಂಡೆಗೆ ತಾಗಿದರೆ ಹೊಲಿದ ದೋಣಿ ಸ್ವಲ್ಪ ಬಾಗುತ್ತದೆ, ಮೊಳೆಯದ್ದು ಸೀಳುತ್ತದೆ. ಮಳೆಗಾಲದಲ್ಲಿ ದಡಕ್ಕೆ ಎಳೆದು ಮಡಲು (ತೆಂಗಿನ ಗರಿ) ಮುಚ್ಚಿಡುವುದು, ಹುರಿ ಬಿಚ್ಚಿ ಹೊಸದಾಗಿ ಹೊಲಿಯುವುದು. ನಾನು ಸಣ್ಣವನಿದ್ದಾಗ ಆ ಎಣ್ಣೆಯ ವಾಸನೆಯಿಂದಲೇ ಕಡವು ಹತ್ತಿರ ಬಂತು ಅಂತ ತಿಳಿಯುತ್ತಿತ್ತು.

ಇನ್ನು ಅಕ್ಕಿ. ಈಗ ನಾವು ಅಕ್ಕಿಗೆ ಬೇರೆ ರಾಜ್ಯ ನೋಡುವವರು. 1514ರಲ್ಲಿ ಕುಂಬಳೆಗೆ ಬಂದ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸಾ ಬರೆದಿಟ್ಟದ್ದು ಏನು ಗೊತ್ತಾ? ಕುಂಬಳೆಯಿಂದ ಮಾಲ್ಡೀವ್ಸ್ ದ್ವೀಪಗಳಿಗೆ ಅಕ್ಕಿ ಹೋಗುತ್ತಿತ್ತು, ಅಲ್ಲಿಂದ ನಾರು ಬರುತ್ತಿತ್ತು. ದೋಣಿ ಹೊಲಿಯುವುದಕ್ಕೆ, ಹಗ್ಗಕ್ಕೆ ಆ ನಾರು ಬೇಕು. ಅಷ್ಟು ಅಕ್ಕಿ ಕುಂಬಳೆಯ ಬಂದರಿಗೆ ಹೇಗೆ ಬಂತು? ಒಳಗಿನ ಬೈಲುಗಳಿಂದ ಶಿರಿಯಾ ಹೊಳೆಯಲ್ಲಿ ಇಳಿಯದೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಅಕ್ಕಿ ಹೋಗುತ್ತಿದ್ದದ್ದು ಮುಡಿ ಕಟ್ಟಿ. ಮುಡಿ ಕಟ್ಟುವುದನ್ನು ನೋಡಿದವರು ಈಗ ಕಡಿಮೆ. ಬೈಹುಲ್ಲನ್ನು ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆ ಮಡಿಸಿ, ಬೈಹುಲ್ಲಿನ ಹಗ್ಗದಿಂದ ಬಿಗಿಯುತ್ತಾ ಮರದ ಕೊಡತಿಯಿಂದ ಸುತ್ತಲೂ ಬಡಿಯುತ್ತಾ ಹೋಗುವುದು. ಬಡಿದಷ್ಟೂ ಗಟ್ಟಿ. ಒಂದು ಮುಡಿಗೆ 3 ಕಳಸೆ, ಅಂದರೆ 42 ಸೇರು. ಕೊನೆಗೆ ಕುಂಬಳಕಾಯಿ ಹಾಗೆ ದುಂಡಗೆ ಕೂರುತ್ತದೆ. ದೋಣಿಯ ತಳದಲ್ಲಿ ಒಂದಿಷ್ಟು ತೇವ ಇದ್ದೇ ಇರುತ್ತದೆ, ಆದರೂ ಒಳಗಿನ ಅಕ್ಕಿ ಬೆಚ್ಚಗೆ ಒಣಗಿಯೇ ಇರುತ್ತಿತ್ತು. ಲೆಕ್ಕಕ್ಕೂ ಸುಲಭ, ಅಳೆಯುವುದೇ ಬೇಡ, ಮುಡಿ ಎಣಿಸಿದರೆ ಸಾಕು. ನಿಮ್ಮ ಪುಸ್ತಕದಲ್ಲೂ ಮುಡಿ ಲೆಕ್ಕ ಇರಲೇಬೇಕು, ಹುಡುಕಿ ನೋಡಿ.

ಈಗ ಮಂಜಿ ಬಾಡಿಗೆ ಯಾಕೆ ನಿಂತಿತು ಅನ್ನುವುದು. ನಮ್ಮ ಕಡಲು ಮಳೆಗಾಲದಲ್ಲಿ ಮುಚ್ಚುತ್ತದೆ. ಈಗಲೂ ಸಣ್ಣ ಹಡಗುಗಳಿಗೆ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಮುದ್ರಕ್ಕೆ ಇಳಿಯಲು ಬಿಡುವುದಿಲ್ಲ. ಅಡಿಕೆ ಒಣಗಿ ಚಾಲಿ (ಸುಲಿಯುವ ಒಣ ಅಡಿಕೆ) ಆಗುವಾಗ ಫೆಬ್ರವರಿ, ಮಾರ್ಚ್. ಕರಿಮೆಣಸೂ ಅದೇ ಹೊತ್ತಿಗೆ. ಮೇ ತಿಂಗಳ ಒಳಗೆ ಮಂಜಿ ಏರಿಸದಿದ್ದರೆ ನಾಲ್ಕು ತಿಂಗಳು ಮಾಲು ಮನೆಯಲ್ಲೇ. ಆ ತೇವಕ್ಕೆ ಅಡಿಕೆಗೆ ಬೂಸು ಹಿಡಿಯುತ್ತದೆ. ಆದ್ದರಿಂದ ಎಲ್ಲರೂ ಒಟ್ಟಿಗೆ ಮಾರುತ್ತಿದ್ದರು, ಬೆಲೆ ಬೀಳುತ್ತಿತ್ತು. ದೊಡ್ಡ ಉಗ್ರಾಣ, ಕೈಯಲ್ಲಿ ಹಣ ಇದ್ದ ವ್ಯಾಪಾರಿ ಆಗ ಕೊಂಡು ಇಟ್ಟುಕೊಳ್ಳುತ್ತಿದ್ದ. ಸಣ್ಣ ಕೃಷಿಕನಿಗೆ ಹೊಳೆಯಿಂದ ಉಪಕಾರವೂ ಇತ್ತು, ಈ ಕಟ್ಟುಪಾಡೂ ಇತ್ತು.

1907ರಲ್ಲಿ ರೈಲು ಮಂಗಳೂರು ಮುಟ್ಟಿತು. ದಕ್ಷಿಣದಿಂದ ಬರುತ್ತಾ ಕಾರ್ಯಂಗೋಡು, ಚಂದ್ರಗಿರಿ, ಮೊಗ್ರಾಲು, ಶಿರಿಯಾ, ಉಪ್ಪಳ, ಮಂಜೇಶ್ವರ ಹೀಗೆ ಒಂದೊಂದು ಹೊಳೆಯನ್ನೂ ಸಮುದ್ರದ ಹತ್ತಿರವೇ ದಾಟಿತು. ಅಂದರೆ ಪ್ರತಿ ಅಳಿವೆಯ ಬಾಯಿಯಲ್ಲೂ ಒಂದು ಹೊಸ ಬಂದರು ಕಟ್ಟಿದ ಹಾಗೆ ಆಯಿತು. ಅದಕ್ಕೆ ಮಳೆಗಾಲ ಇಲ್ಲ, ಹೊಯಿಗೆ ದಿಬ್ಬ ಇಲ್ಲ. ಜುಲೈಯಲ್ಲೂ ಮಾಲು ಕಳಿಸಬಹುದು. ಮಂಜಿಯವರು ಬಾಡಿಗೆ ಎಷ್ಟು ಇಳಿಸಿದರೂ ಜುಲೈಯಲ್ಲಿ ಸಮುದ್ರಕ್ಕೆ ಇಳಿಯಲು ಸಾಧ್ಯ ಇತ್ತಾ? ಅಲ್ಲಿಗೆ ಮುಗಿಯಿತು. ನಿಮ್ಮ ಪುಸ್ತಕದ "ಟೇಸನ್ ಕೂಲಿ" ಇದೇ. ತಾರೀಕು ಗೆದ್ದಲು ತಿಂದರೂ ಆ ಪುಟ 1907ರ ಆಸುಪಾಸಿನದ್ದು ಅಂತ ನಾನು ನಂಬುತ್ತೇನೆ.

ಹೊಳೆಯ ಒಳಗಿನ ದೋಣಿಗೆ ಮಾತ್ರ ರೈಲು ತೊಂದರೆ ಮಾಡಲಿಲ್ಲ. ಟೇಸನಿಗೆ ಮಾಲು ತರುವುದಕ್ಕೆ ಹೊಳೆಯೇ ಬೇಕಿತ್ತು. ತೆಕ್ಕಿಲಿನಲ್ಲಿ, ಒಳಗಿನ ಬೇರೆ ಕಡೆಗಳಲ್ಲಿ ಸೇತುವೆ ಆಗಿ, ಲಾರಿ ತೋಟದ ಬಾಗಿಲಿಗೇ ಬಂದ ಮೇಲೆ ಅದೂ ಹೋಯಿತು. ಮತ್ತೆ ಉಳಿದದ್ದು ತೆಂಗಿನ ಸಿಪ್ಪೆ, ಕೆಂಪುಕಲ್ಲು, ಕೊನೆಗೆ ಬರೀ ಹೊಯಿಗೆ.

ಪಾಣೆಮಂಗಳೂರು ಪೇಟೆಯವ

ಮಾಷ್ಟ್ರೇ, ನೀವು ಬರೆದದ್ದನ್ನು ನಮ್ಮ ನೇತ್ರಾವತಿ ಜೊತೆ ಇಟ್ಟು ನೋಡಿದೆ. ನಮ್ಮಲ್ಲಿ ಕತೆ ಸ್ವಲ್ಪ ಬೇರೆ. ಬಂಟ್ವಾಳದವರೆಗೆ ದೋಣಿ ಬರುತ್ತಿತ್ತು, ಘಟ್ಟದಿಂದ ಎತ್ತಿನ ಮೇಲೆ ಇಳಿದ ಸರಕು ಅಲ್ಲಿ ದೋಣಿ ಏರುತ್ತಿತ್ತು. ಅದಕ್ಕೇ ಬಂಟ್ವಾಳ ಅಷ್ಟು ದೊಡ್ಡ ಪೇಟೆ ಆದದ್ದು. ಮೇಲೆ ಹೋಗುವಾಗ ಉಪ್ಪು. ಘಟ್ಟದ ಮೇಲಿನವರಿಗೆ ಉಪ್ಪು ಬೇಕೇ ಬೇಕಲ್ವಾ.

ಹಣದ ವಿಷಯ ಒಂದು ಸೇರಿಸುತ್ತೇನೆ. ಸುಳ್ಯ ಕಡೆ ಮೊದಲು ಕೊಡಗಿನ ಅರಸರ ಕೈಯಲ್ಲಿತ್ತು, ಕಂದಾಯವನ್ನು ಬೆಳೆಯಲ್ಲೇ ಕೊಡಬಹುದಿತ್ತು. 1834ರಲ್ಲಿ ಕೊಡಗು ಕಂಪೆನಿಯ ವಶ ಆಯಿತು, ಸುಳ್ಯ ಕಡೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು, ಕಂದಾಯ ನಗದಾಗಿಯೇ ಕಟ್ಟಬೇಕಾಯಿತು. ಕಂಪೆನಿಯ ವಿರುದ್ಧದ 1837ರ ದಂಗೆಗೆ ಜನ ಅಷ್ಟು ಬೇಗ ಸೇರಿದ್ದಕ್ಕೆ ಇದೂ ಒಂದು ಕಾರಣ. ನನ್ನ ವಿಚಾರ ಇಷ್ಟೇ: ನಗದು ಬೇಕಾದರೆ ಅಕ್ಕಿ ಮಾರಬೇಕು, ಅಕ್ಕಿ ಮಾರಬೇಕಾದರೆ ಬಂದರಿಗೆ ಕಳಿಸಬೇಕು. ಹೊಳೆಯಲ್ಲಿ ಮುಡಿ ಇಳಿದದ್ದು ಪೂರ್ತಿ ರೈತನ ಲಾಭಕ್ಕೆ ಅಂತ ತಿಳಿಯಬಾರದು. ಕಿಸ್ತು ಕಟ್ಟುವುದಕ್ಕೂ ಇಳಿದಿದೆ.

ರೈಲು ನಮ್ಮ ಹೊಳೆಯ ಕೆಳಗೆ ಮಾತ್ರ ದಾಟಿತು. ಮೇಲೆ ದೋಣಿ ಉಳಿಯಿತು. 1865ರಲ್ಲಿ ಬಾಸೆಲ್ ಮಿಷನ್ ಜಪ್ಪಿನಲ್ಲಿ ಹೊಳೆ ಬದಿಯಲ್ಲೇ ಹೆಂಚಿನ ಕಾರ್ಖಾನೆ ಹಾಕಿದ್ದರಿಂದ ದೋಣಿಗೆ ಹೊಸ ಕೆಲಸವೂ ಸಿಕ್ಕಿತ್ತು. ಆವೆಮಣ್ಣು ಬರುವುದು ದೋಣಿಯಲ್ಲಿ, ಹೆಂಚು ಬಂದರಿಗೆ ಹೋಗುವುದೂ ದೋಣಿಯಲ್ಲಿ. ಅಕ್ಕಾ, ನಿಮ್ಮ ಲೆಕ್ಕದಲ್ಲಿರುವ ಹೆಂಚು ಮಂಗಳೂರಿನದ್ದೇ ಇರಬಹುದು, ಮಾಡಿನ ಹಳೇ ಹೆಂಚು ತಿರುಗಿಸಿ ನೋಡಿ, ಹಿಂದೆ ಕಾರ್ಖಾನೆಯ ಗುರುತು ಒತ್ತಿರುತ್ತಾರೆ. ನಮ್ಮ ಪಾಣೆಮಂಗಳೂರಿನ ಕಬ್ಬಿಣದ ಸೇತುವೆ 1914ರದ್ದು. ಆಮೇಲೆ 1923ರ ನೆರೆ ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿ ಪೇಟೆಗಳನ್ನು ಕೊಚ್ಚಿಹಾಕಿತು. ಹೊಳೆಗೆ ಮುಖ ಮಾಡಿ ಕಟ್ಟಿದ ಅಂಗಡಿಗಳನ್ನು ಮತ್ತೆ ಕಟ್ಟುವಾಗ ಜನ ರಸ್ತೆ ಕಡೆ ತಿರುಗಿದರು ಅಂತ ನಮ್ಮ ಹಿರಿಯರ ಮಾತು.

ಮುಳಿಯಾರು ತೋಟ

ಎಲ್ಲರಿಗೂ ತುಂಬ ಧನ್ಯವಾದ. ಮುಡಿ ಲೆಕ್ಕ ಇದೆ ಮಾಷ್ಟ್ರೇ! "ಕಡವಿನವನಿಗೆ ಅರ್ಧ ಮುಡಿ" ಅಂತ ವರ್ಷಕ್ಕೊಮ್ಮೆ ಬರುತ್ತದೆ, ಸುಗ್ಗಿ ಕೊಯ್ಲಿನ ಖರ್ಚಿನ ಕೆಳಗೆ. ಹೆಂಚು ಇವತ್ತೇ ನೋಡುತ್ತೇವೆ.

ಇನ್ನೊಂದು ಪ್ರಶ್ನೆ. ಬೇಕಲದವರೆಗೆ ಜಲಮಾರ್ಗ ಮಾಡುತ್ತಾರೆ ಅಂತ ಪೇಪರಿನಲ್ಲಿ ಬರುತ್ತಾ ಇದೆಯಲ್ಲ. ಅದು ಆದರೆ ನಮ್ಮ ಕಡೆ ಹೊಳೆಯಲ್ಲಿ ಮತ್ತೆ ಸರಕು ಹೋಗಬಹುದಾ?

ಬೋವಿಕ್ಕಾನ ಮಾಷ್ಟ್ರು

ಅರ್ಧ ಮುಡಿ ಸಿಕ್ಕಿದ್ದು ದೊಡ್ಡ ವಿಷಯ ತಂಗೀ. ಅಂಬಿಗನಿಗೆ ದಾಟಿಸಿದಾಗಲೆಲ್ಲ ದುಡ್ಡು ಕೊಡುವ ಬದಲು ಊರಿನ ಮನೆಗಳು ಕೊಯ್ಲಿನಲ್ಲಿ ಅಕ್ಕಿ ಅಳೆಯುತ್ತಿದ್ದವು. ಅವನು ನಡುರಾತ್ರಿ ಹೆರಿಗೆಗೆ ಸೂಲಗಿತ್ತಿಯನ್ನು ದಾಟಿಸಿದರೂ ಅದರಲ್ಲೇ ಬಂತು. ಪಾಣೆಮಂಗಳೂರಿನವರು ಕಿಸ್ತಿನ ಮಾತು ಎತ್ತಿದ್ದು ತುಂಬ ಒಳ್ಳೆಯದಾಯಿತು, ನಾನು ಆ ಕಡೆಯಿಂದ ಯೋಚಿಸಿರಲಿಲ್ಲ.

ಜಲಮಾರ್ಗದ ಬಗ್ಗೆ. ಕೋವಳಂನಿಂದ ಬೇಕಲದವರೆಗೆ 616 ಕಿ.ಮೀ. ಯೋಜನೆ ಅದು. ದಕ್ಷಿಣದ ಕಡೆ ಅದಕ್ಕೆ ಅರ್ಥ ಇದೆ. ಅಲ್ಲಿ ಹಿನ್ನೀರು ಸಮುದ್ರಕ್ಕೆ ಸಮವಾಗಿ ಉದ್ದಕ್ಕೆ ಹಬ್ಬಿದೆ. ಒಂದು ಹೊಳೆಯಿಂದ ಇನ್ನೊಂದಕ್ಕೆ ಕಡಲು ಮುಟ್ಟದೆ ಹೋಗಬಹುದು. ನಮ್ಮ ಜಿಲ್ಲೆಯಲ್ಲೂ ನೀಲೇಶ್ವರದ ಕೆಳಗೆ ಕವ್ವಾಯಿ ಹಿನ್ನೀರು ಹಾಗೇ ಇದೆ. ಏಳಿಮಲೆಯನ್ನು ಸಮುದ್ರದಲ್ಲಿ ಸುತ್ತುವ ಅಪಾಯ ತಪ್ಪಿಸಲು 1766ರ ಹೊತ್ತಿಗೇ ಪಳಯಂಗಾಡಿಯಲ್ಲಿ ಸುಲ್ತಾನ್ ತೋಡು (ಕಾಲುವೆ) ಅಗೆದಿದ್ದರು. ಅಲ್ಲಿನವರಿಗೆ ಈ ದಾರಿ ಹಳೆಯದೇ.

ನೀಲೇಶ್ವರ ದಾಟಿದ ಮೇಲೆ ಉತ್ತರಕ್ಕೆ ಹಾಗಿಲ್ಲ. ಚಂದ್ರಗಿರಿ, ಮೊಗ್ರಾಲು, ಶಿರಿಯಾ, ಉಪ್ಪಳ ಎಲ್ಲ ನೇರ ಸಮುದ್ರಕ್ಕೆ ಹೋಗುವ ಹೊಳೆಗಳು. ಒಂದಕ್ಕೊಂದು ಸೇರಿಸುವ ನೀರಿಲ್ಲ, ನಡುವೆ ಕೆಂಪುಕಲ್ಲಿನ ಗುಡ್ಡ. ಅದಕ್ಕೇ ನಮ್ಮವರಿಗೆ ಮಂಜಿ ಬೇಕಾಗಿತ್ತು, ಕವ್ವಾಯಿಯವರಿಗೆ ಅಷ್ಟಾಗಿ ಬೇಕಿರಲಿಲ್ಲ. ನೀಲೇಶ್ವರದಿಂದ ಬೇಕಲಕ್ಕೆ ತರಬೇಕಾದರೂ ಹೊಸದಾಗಿ ತೋಡು ಅಗೆಯಬೇಕು, ಜನರ ಮನೆ, ಬಾವಿ, ಗದ್ದೆ ಇರುವ ಜಾಗದಲ್ಲಿ. ಆ ತೋಡಿನಲ್ಲಿ ಉಪ್ಪುನೀರು ಒಳಗೆ ಬಂದರೆ ಬಾವಿಗಳ ಗತಿ ಏನು ಅಂತ ಅಲ್ಲಿನವರು ಕೇಳುವುದು ನ್ಯಾಯವೇ. ಬೇಕಲದಲ್ಲಿ ನಿಂತ ಮೇಲೆ ಚಂದ್ರಗಿರಿಗೆ ಅದರಿಂದ ಏನೂ ಬರುವುದಿಲ್ಲ.

ನಿಮ್ಮ ಅಡಿಕೆಗೆ ಈಗ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಇದೆ, 1973ರಿಂದ. ಮಳೆಗಾಲದ ಮೊದಲು ಹೆದರಿ ಮಾರುವ ಕಷ್ಟ ಕಡಿಮೆಯಾಗಿದೆ. ಮನೆ ಬಾಗಿಲಿನಿಂದ ಪಿಕಪ್‌ನಲ್ಲಿ ಹೋಗುವ ಮಾಲನ್ನು ಯಾರೂ ಇಳಿಸಿ ದೋಣಿಗೆ ಏರಿಸುವುದಿಲ್ಲ. ಬಾವಿಕ್ಕರೆಯಲ್ಲಿ ಈಗ ಗಟ್ಟಿ ಅಡ್ಡಕಟ್ಟ ಆಗಿದೆ, ಕುಡಿಯುವ ನೀರಿಗೆ ಅದು ಬೇಕೇ ಬೇಕು, ಅದರ ಮೇಲಕ್ಕೆ ಉಬ್ಬರವೂ ಇಲ್ಲ. ಅದರ ಕೆಳಗೆ, ತೆಕ್ಕಿಲಿನಿಂದ ತಳಂಗರೆವರೆಗೆ, ಜನ ಕೂತು ಹೋಗುವ ದೋಣಿ ನಡೆಸಬಹುದು. ಹಳೆಯ ಕಡವಿನ ಕಟ್ಟೆಗಳು ಕೆಲವು ಕಾಡು ಮುಚ್ಚಿ ಉಳಿದಿವೆ, ಅವನ್ನು ಸರಿ ಮಾಡಿದರೆ ಇಳಿಯಲು ಹತ್ತಲು ಬೇರೆ ಜೆಟ್ಟಿ ಕಟ್ಟುವುದೇ ಬೇಡ.